ಉಪಾಧ್ಯರ ಎದುರು ಕೂರುವವರು

ಕಾಪುವಿನ ಹೆದ್ದಾರಿ ಬದಿಯ ಹೋಟೆಲಿನಲ್ಲಿ ಚಹಾ ಬರುವ ಮೊದಲೇ ಮಧ್ವರಾಜ ಉಪಾಧ್ಯರು ತಮ್ಮ ಫೋನನ್ನು ಸುಕೇಶನ ಕಡೆ ತಿರುಗಿಸಿ ಮೇಜಿನ ಮೇಲಿಟ್ಟರು.

“ನೋಡು,” ಎಂದರು.

ಪರದೆಯ ಮೇಲೆ ಅವರ ಮಗಳು ಶರ್ವಾಣಿ. ಪಿಯುಸಿ ಕಾಲೇಜಿನ ಸಮವಸ್ತ್ರದಲ್ಲೇ ಇದ್ದಳು. ಹಿಂದೆ ಅವರ ಮನೆಯ ಅರ್ಧ ಎದ್ದ ಕಂಪೌಂಡ್ ಗೋಡೆ ಕಾಣುತ್ತಿತ್ತು.

“ಮಣಿಪಾಲದ ವೃತ್ತದಲ್ಲಿ ಬೆಳಿಗ್ಗೆ ಕೂಲಿಗೆ ಕಾಯುವವರು ಇನ್ನು ನಿಲ್ಲಬಾರದಂತೆ. ಪೇಟೆಯ ಅಂದ ಕೆಡ್ತದಂತೆ. ಯಾವುದೋ ಸಮಿತಿಯವರು ಮನವಿ ಕೊಟ್ಟಿದ್ದಾರೆ, ನಮ್ಮ ನಾಯಕರು ಹೂಂ ಅಂದಿದ್ದಾರೆ. ಈ ಗೋಡೆ ಕಟ್ತಾ ಇರುವುದು ಮಲಕಪ್ಪಣ್ಣ. ನಮಗೆ ಅವರು ಸಿಕ್ಕಿದ್ದು ಅದೇ ವೃತ್ತದಲ್ಲಿ. ಕೆಲಸ ಇದ್ದ ದಿನ ‘ಬೇಗ ಹತ್ತು ಮಾರಾಯ’ ಅಂತ ಗಾಡಿ ನಿಲ್ಲಿಸ್ತೇವೆ. ಕೆಲಸ ಇಲ್ಲದ ದಿನ ಅದೇ ಮನುಷ್ಯ ಅದೇ ಜಾಗದಲ್ಲಿ ನಿಂತ್ರೆ ‘ಎಂತ ಇಲ್ಲಿ?’ ಅಂತೇವೆ. ಗೋಡೆ ಬೇಕು, ಕಟ್ಟುವವರು ಕಣ್ಣಿಗೆ ಬೀಳಬಾರದು.”

ಅಷ್ಟು ಹೇಳಿ ಅವಳು ಸುಮ್ಮನಾದಳು. ಕ್ಯಾಮೆರಾವನ್ನೇ ನೋಡುತ್ತಿದ್ದಳು. ಮತ್ತೆ ಕೇಳಿದಳು, “ಓಟು ಕೇಳ್ಲಿಕ್ಕೆ ಬರುವವರೇ, ಇದಕ್ಕೆ ಎಂತ ಹೇಳ್ತೀರಿ?”

ಸುಕೇಶನಿಗೆ ಚುಚ್ಚಿದ್ದು ಅವಳ ಮಾತಲ್ಲ, ಮಾತಿನ ನಡುವಿನ ಆ ಬಿಡುವು. ಹೇಳಬೇಕಾದದ್ದನ್ನು ಹೇಳಿ ಕೇಳುಗರು ಮುಂದಕ್ಕೆ ಬಾಗುವವರೆಗೆ ಕಾಯುವುದನ್ನು ಉಪಾಧ್ಯರು ಅವನಿಗೆ ಕಾರಿನಲ್ಲಿ, ವೇದಿಕೆಯ ಹಿಂದಿನ ಚೌಕಿಯಲ್ಲಿ, ಹೀಗೆ ಚಹಾದ ಮೇಜಿನಲ್ಲಿ ಎಷ್ಟು ಸಲ ಹೇಳಿಕೊಟ್ಟಿದ್ದರು. ಅವನಿಗೆ ಬಂದಿರಲಿಲ್ಲ. ಅವನ ಮೌನದಲ್ಲಿ ಮುಂದಿನ ವಾಕ್ಯ ಹುಡುಕುವ ಸದ್ದು ಕೇಳುತ್ತದೆ ಎಂದು ಅವರೇ ಒಮ್ಮೆ ಅಂದಿದ್ದರು.

“ಚೆನ್ನಾಗುಂಟು,” ಎಂದ.

“ಎರಡು ಲಕ್ಷ ಜನ ನೋಡಿದ್ದಾರಂತೆ. ನಾನು ಹೇಳಿಕೊಟ್ಟದ್ದಲ್ಲ.” ಉಪಾಧ್ಯರು ಫೋನನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಚಹಾ ಮುಗಿಯುವವರೆಗೂ ಅವರ ಮುಖದಲ್ಲಿ ಒಂದು ನಗು ಹಾಗೇ ಉಳಿದಿತ್ತು.

ಉಪಾಧ್ಯರು ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಪಂಚೆ ಶಾಲಿನಲ್ಲಿ ಕುಳಿತವರು ಕುಳಿತಲ್ಲೇ ಅರಸನಾಗಿ, ವೈರಿಯಾಗಿ ವಾದಿಸುತ್ತಾರೆ. ಆ ಮಾತಿಗೆ ‘ಅರ್ಥ’ ಎಂದು ಹೆಸರು. ಯಾರೂ ಬರೆದುಕೊಟ್ಟ ಮಾತಲ್ಲ, ಎದುರು ಕುಳಿತವನು ಏನು ಕೇಳುತ್ತಾನೆಂದು ಮೊದಲೇ ಗೊತ್ತಿರುವುದಿಲ್ಲ. ಈ ಕಲೆಯಲ್ಲಿ ಹೆಸರು ಮಾಡಿದವರೂ ಊರಿನ ಹೊರಗೆ ಹೆಚ್ಚು ಜನರಿಗೆ ಗೊತ್ತಿರುವುದಿಲ್ಲ. ಆದರೆ ಉಪಾಧ್ಯರು ಟಿವಿಯ ಒಂದು ಮಾತಿನ ಸ್ಪರ್ಧೆಗೆ ತೀರ್ಪುಗಾರರಾದ ಮೇಲೆ ರಾಜ್ಯಕ್ಕೆಲ್ಲ ಬೇಕಾದವರಾದರು. ಉಡುಪಿ ಬಸ್‌ಸ್ಟ್ಯಾಂಡಿನ ಎದುರು ಚಿನ್ನದಂಗಡಿಯ ಫಲಕದಲ್ಲಿ ಅವರು ಕೈಮುಗಿದು ನಿಂತಿದ್ದರು.

ಸುಕೇಶ ಎರ್ಮಾಳಿನವನು, ಮೀನುಗಾರರ ಮನೆಯ ಮಗ. ಅವನ ಮನೆಯಲ್ಲಿ ಮಾತು ಕಡಿಮೆ. ಅಪ್ಪ ದೋಣಿಯಿಂದ ಬಂದರೆ ಮೀನಿನ ಬುಟ್ಟಿ ಇಟ್ಟು ಮಲಗುವುದು. ಕನ್ನಡ ಎಂ.ಎ. ಮಾಡಿ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದ ಅವನು ಏಳು ವರ್ಷಗಳಿಂದ ಉಪಾಧ್ಯರ ಜೊತೆಗಿದ್ದ. ಅವರ ಕಾರು ಓಡಿಸುತ್ತಿದ್ದ. ತಾಳಮದ್ದಳೆಯ ಕೂಟಗಳಲ್ಲಿ ಸುದ್ದಿ ತರುವ ಚಾರಕನೋ ಮಂತ್ರಿಯೋ ಆಗಿ ನಾಲ್ಕು ಮಾತು ಆಡುತ್ತಿದ್ದ. ಉಪಾಧ್ಯರ ಎದುರು ಕೂರುವುದು ಮಾತ್ರ ಹಿರಿಯರಿಗೆ ಸಿಗುವ ಜಾಗ. ಈ ಸಲ ಕಾರ್ಕಳದ ಕೂಟಕ್ಕೆ ಬರಬೇಕಾಗಿದ್ದ ಹಿರಿಯರಿಗೆ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಆ ಜಾಗ ಖಾಲಿಯಾಗಿತ್ತು. ಸುಕೇಶ ಬಾಯಿಬಿಟ್ಟು ಕೇಳಿರಲಿಲ್ಲ. ಕೇಳದೆ ಸಿಗಬೇಕು ಎಂಬುದು ಅವನ ಆಸೆ.

ಕಾಪುವಿನ ಆ ಚಹಾದ ಮರುದಿನ ಅವನು ಕಾರು ತರಲು ಉಡುಪಿಯ ಅವರ ಮನೆಗೆ ಹೋದಾಗ ಮಲಕಪ್ಪ ಗೋಡೆಯ ಮೇಲೆ ಕುಳಿತು ಕಲ್ಲಿನ ಸಂದಿಗೆ ಸಿಮೆಂಟು ತುಂಬುತ್ತಿದ್ದ.

“ಏನ್ ಸರ, ನೋಡಿದಿರಿಲ್ಲ? ತಂಗಿ ನನ್ನ ಹೆಸರು ಹೇಳ್ಯಾಳ,” ಎಂದ. “ಊರಿಂದ ನಮ್ಮ ಮಾವನ ಮಗ ಫೋನ್ ಮಾಡಿದ್ದ. ‘ಏನೋ ಮಲಕ್ಯಾ, ಸಿನಿಮಾದಾಗ ಬಂದೀಯಂತ, ಇನ್ನ ಗೋಡಿ ಕಟ್ತೀಯೋ ಇಲ್ಲೋ’ ಅಂದ.”

“ವೃತ್ತದಲ್ಲಿ ನಿಲ್ಲಲಿಕ್ಕೆ ಬಿಡದಿದ್ರೆ ಎಂತ ಮಾಡ್ತೀರಿ?”

“ಬ್ಯಾರೆ ಕಡೆ ನಿಲ್ಲೂದ್ರಿ. ಆದ್ರ ನಾವು ಎಲ್ಲಿ ನಿಂತೀವಿ ಅಂತ ಗಾಡಿಯವ್ರಿಗೆ ಗೊತ್ತಾಗಬೇಕಲ್ರಿ.” ಕರಣೆಯನ್ನು ಕಲ್ಲಿಗೆ ಒರಸಿ ನಕ್ಕ. “ನೀವೂ ತಂಗಿ ಕಡೆ ನಿಮ್ಮ ಹೆಸರು ಹೇಳಸ್ರಿ. ಇಷ್ಟು ದಿನದಿಂದ ಕಾರ್ ಹೊಡೀತೀರಿ.”

ಸುಕೇಶ ನಗಲು ಪ್ರಯತ್ನಿಸಿದ. ಗಾರೆಯವನ ಮೇಲೂ ತನಗೆ ಹೊಟ್ಟೆಕಿಚ್ಚು ಬಂತೆಂದು ಅರಿವಾದಾಗ ನಾಚಿಕೆಯಾಯಿತು, ಆದರೆ ಕಿಚ್ಚು ಹೋಗಲಿಲ್ಲ.

ಒಳಗೆ ಕಾರ್ಕಳದ ಕಲಾಸಂಘದ ಕಾರ್ಯದರ್ಶಿ ಪ್ರತೀಕ್ ಬಂದು ಕುಳಿತಿದ್ದ. ಉಪಾಧ್ಯರ ಹೆಂಡತಿ ಮೂಕಾಂಬಿಕಾ ಕಾಫಿ ತಂದಿಟ್ಟಿದ್ದರು. ಶರ್ವಾಣಿ ಬಾಗಿಲಿಗೆ ಒರಗಿ ನಿಂತಿದ್ದಳು.

“ಅಪ್ಪ ಮಗಳು ಎದುರುಬದುರು,” ಪ್ರತೀಕ್ ಹೇಳುತ್ತಿದ್ದ. “ಸರ್, ಸಭಾಂಗಣ ಸಾಲುವುದಿಲ್ಲ. ಹೊರಗೆ ಪರದೆ ಹಾಕ್ಬೇಕಾದೀತು. ಈಗಿನ ಮಕ್ಕಳೂ ಬರ್ತಾರೆ. ತಾಳಮದ್ದಳೆಗೆ ಅದೇ ಅಲ್ವಾ ಬೇಕಾದ್ದು?”

“ನನಗೆ ಅರ್ಥ ಹೇಳಿ ಗೊತ್ತಿಲ್ಲ,” ಎಂದಳು ಶರ್ವಾಣಿ.

“ನೀವು ಹೇಳುದು ಅರ್ಥವೇ. ಪಂಚೆ ಶಾಲು ಒಂದು ಇಲ್ಲ, ಅಷ್ಟೇ.”

“ಅವಳಿಗೆ ಪರೀಕ್ಷೆ ಉಂಟು ಮಾರಾಯ್ರೆ,” ಎಂದರು ಮೂಕಾಂಬಿಕಾ.

ಎಲ್ಲರೂ ಉಪಾಧ್ಯರನ್ನು ನೋಡಿದರು. ಅವರು ಕಾಫಿ ಮುಗಿಸಿ ಲೋಟವನ್ನು ಕೆಳಗಿಟ್ಟರು. “ನೋಡುವ,” ಎಂದರು.

ಅವರ ‘ನೋಡುವ’ ಎಂದರೆ ಒಪ್ಪಿಗೆ ಎಂದು ಆ ಕೋಣೆಯಲ್ಲಿ ಸುಕೇಶನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅವನು ಮೊಳೆಗೆ ತೂಗುಹಾಕಿದ್ದ ಕಾರಿನ ಕೀ ತೆಗೆದುಕೊಂಡ. ಶರ್ವಾಣಿ ಅವನ ಹಿಂದೆಯೇ ಅಂಗಳಕ್ಕೆ ಬಂದಳು.

“ಸುಕೇಶಣ್ಣ, ನನ್ನ ವಿಡಿಯೋ ನೋಡಿದ್ರಾ? ಹೇಗುಂಟು?”

“ಪರವಾಗಿಲ್ಲ.”

“ಅಪ್ಪನ ಹಾಗೇ ನೀವು. ಹೊಗಳಿದ್ರೆ ಹಲ್ಲು ಉದುರ್ತದೆ ಇಬ್ಬರಿಗೂ.”

ಅಪ್ಪ ನಿನ್ನನ್ನು ಹೋಟೆಲಿನಲ್ಲಿ ಹೊಗಳುತ್ತಾರೆ ಎಂದು ಅವನು ಹೇಳಲಿಲ್ಲ. ಅದನ್ನು ಅವಳಿಗೆ ಕೊಡಲು ಅವನಿಗೆ ಮನಸ್ಸಾಗಲಿಲ್ಲ.

ಆ ಸಂಜೆ ಎರ್ಮಾಳಿನ ಕಡಲ ಬದಿಯಲ್ಲಿ, ಮೇಲೆಳೆದಿಟ್ಟ ದೋಣಿಯೊಂದರ ನೆರಳಿಗೆ ಕುಳಿತು, ಸುಕೇಶ ಆ ವಿಡಿಯೋವನ್ನು ಮತ್ತೆ ನೋಡಿದ. ಅವಳ ವಾದದಲ್ಲಿ ಬಿರುಕು ಎಲ್ಲಿದೆ ಎಂದು ಹುಡುಕಿದ. ಎದುರು ಪಕ್ಷ ಹಿಡಿದು ಯೋಚಿಸುವುದು ಅವನಿಗೆ ಕಲಿಸಿದ ಪಾಠವೇ. ಅರಸನಾದರೆ ಹೀಗೆ, ಅರಸನ ವೈರಿಯಾದರೆ ಹಾಗೆ. ಆ ಕೂಲಿಯವರನ್ನು ಓಡಿಸಬೇಕೆಂದು ಅವನಿಗೇನೂ ಇರಲಿಲ್ಲ. ಬರೀ ಒಂದು ಅಭ್ಯಾಸ ಎಂದುಕೊಂಡ. ವೇದಿಕೆಯಲ್ಲಿ ಯಾರ ಅರ್ಥ ಯಾರು ಹೇಳುತ್ತಿದ್ದಾರೆಂದು ಸಭೆಗೆ ಗೊತ್ತಿರುತ್ತದೆ, ಮಂಗಳ ಹಾಡಿದ ಮೇಲೆ ಎಲ್ಲ ಮುಗಿಯುತ್ತದೆ. ಫೋನಿನಲ್ಲಿ ಮಂಗಳ ಹಾಡುವ ಭಾಗವತರಿಲ್ಲ ಎಂಬುದು ಅವನಿಗೆ ಆಗ ಹೊಳೆಯಲಿಲ್ಲ, ಅಥವಾ ಹೊಳೆಯಲು ಅವನು ಬಿಡಲಿಲ್ಲ.

ಮುಖವಿಲ್ಲದ, ಹೆಸರಿಲ್ಲದ ಒಂದು ಖಾತೆ ತೆರೆದು ಬರೆದ: “ಅಪ್ಪನ ಹೆಸರಿನ ನೆರಳಿನಲ್ಲಿ ನಿಂತವಳಿಗೆ, ಬಿಸಿಲಿನಲ್ಲಿ ನಿಂತವರ ಪರವಾಗಿ ಮಾತಾಡುವ ಅಧಿಕಾರ ಕೊಟ್ಟವರು ಯಾರು?”

ಬರೆಯುವಾಗಲೇ ಇದಕ್ಕೆ ಏನು ಉತ್ತರ ಹೇಳಬಹುದೆಂದೂ ಅವನಿಗೆ ತಿಳಿದಿತ್ತು. ಉತ್ತರವನ್ನು ಅವನು ಬರೆಯಲಿಲ್ಲ.

ಬೆಳಗಾಗುವಷ್ಟರಲ್ಲಿ ಆ ಸಾಲು ಅವಳ ವಿಡಿಯೋಗಿಂತ ವೇಗವಾಗಿ ಓಡುತ್ತಿತ್ತು. ಪೇಟೆಯ ಸಮಿತಿಯವರು ಅದನ್ನು ಹಂಚಿದರು. ಉಪಾಧ್ಯರ ಫಲಕ ನೋಡಿ ಬೇಸತ್ತವರು ಹಂಚಿದರು. ಕೂಲಿಯವರ ಪರ ಇದ್ದವರೂ, ಮಾತೇನೋ ಸರಿಯಲ್ಲವೇ ಎಂದು ಹಂಚಿದರು. ಯಾರೋ ಶರ್ವಾಣಿಯ ಚಿತ್ರಕ್ಕೆ ದೊಡ್ಡದೊಂದು ಕೊಡೆ ಬಿಡಿಸಿದರು, ಕೊಡೆಯ ಹಿಡಿಯ ಜಾಗದಲ್ಲಿ ಅವಳಪ್ಪ. ‘ಬರೆದವನ ಕೈಗೆ ಚಿನ್ನದ ಕಡಗ ತೊಡಿಸಬೇಕು’ ಎಂದು ಒಬ್ಬ ಮೆಚ್ಚಿ ಬರೆದಿದ್ದ. ಸುಕೇಶ ಪಾಠ ಮಾಡುವ ತರಗತಿಯಲ್ಲೂ ಇಬ್ಬರು ಹುಡುಗರು ಆ ಸಾಲನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಅವನ ಒಂದು ವಾಕ್ಯವನ್ನು ಬೇರೆಯವರು ಬಾಯಿಪಾಠ ಮಾಡಿದ್ದು ಜೀವನದಲ್ಲಿ ಅದೇ ಮೊದಲು. ‘ಅದು ನನ್ನದು’ ಎಂದು ಹೇಳಬೇಕೆಂದು ಬಾಯಿ ತುರಿಸಿತು. ಕಪ್ಪುಹಲಗೆಯ ಕಡೆ ತಿರುಗಿ ನಿಂತ.

ಕಾಲೇಜಿನಲ್ಲಿ ಶರ್ವಾಣಿಗೆ ‘ನೆರಳಮ್ಮ’ ಎಂದು ಹೆಸರು ಬಿತ್ತು. ಅವಳು ಕ್ಯಾಂಟೀನಿಗೆ ಹೋದರೆ ಹಿಂದಿನ ಬೆಂಚಿನವರು ಕೊಡೆ ಬಿಚ್ಚುತ್ತಿದ್ದರಂತೆ. ಕೆಲವು ದಿನ ಹೋದಳು, ಆಮೇಲೆ ಹೊಟ್ಟೆನೋವು ಎಂದು ಮನೆಯಲ್ಲೇ ಉಳಿದಳು. ಕಾರ್ಕಳದಿಂದ ಪ್ರತೀಕ್ ಫೋನ್ ಮಾಡಿ ತುಂಬ ಕೆಮ್ಮಿ, ತುಂಬ ಸುತ್ತಿ, ತಮ್ಮದು ಎಲ್ಲ ಪಕ್ಷದವರೂ ಇರುವ ಸಂಘ, ಈಗ ಮಗಳು ಬೇಡ, ಬೇಜಾರು ಮಾಡಿಕೊಳ್ಳಬಾರದು ಎಂದ.

“ಇಲ್ಲ, ಇಲ್ಲ,” ಎಂದರು ಉಪಾಧ್ಯರು. ಫೋನ್ ಇಟ್ಟ ಮೇಲೆ ಕಾರಿನ ಕಿಟಕಿಯಿಂದ ಹೊರಗೆ ನೋಡುತ್ತ ಹೇಳಿದರು, “ಕಾರ್ಕಳಕ್ಕೆ ನನ್ನ ಎದುರು ನೀನು ಕೂತ್ಕೋ ಸುಕೇಶ. ಸಂಧಾನದ ಪ್ರಸಂಗ. ನಾನು ಅರಸ, ನೀನು ದೂತ.”

ಅವನು ಸ್ಟೀರಿಂಗ್ ಬಿಗಿಯಾಗಿ ಹಿಡಿದುಕೊಂಡ. ಕೇಳದೆ ಸಿಕ್ಕಿತ್ತು. ಆದರೆ ಅವಳ ಕೈತಪ್ಪಿದ್ದು ಸಿಕ್ಕಿತ್ತು.

ಕೂಟದ ಹಿಂದಿನ ದಿನ ಅವನು ಉಪಾಧ್ಯರ ಮನೆಗೆ ಹೋದಾಗ ಗೋಡೆಯ ಕೆಲಸ ಮುಗಿದಿತ್ತು, ಮಲಕಪ್ಪ ಇರಲಿಲ್ಲ. ಉಳಿದ ಸಿಮೆಂಟಿನ ಚೀಲದ ಮೇಲೆ ಶರ್ವಾಣಿ ಕುಳಿತಿದ್ದಳು. ಕೈಯಲ್ಲಿ ಫೋನ್ ಇರಲಿಲ್ಲ.

“ಸುಕೇಶಣ್ಣ, ಆ ಸಾಲು ಬರೆದವ ಚೆನ್ನಾಗಿ ಬರೆದಿದ್ದಾನೆ ಅಲ್ವಾ?”

ಅವನು ಹೊಸ ಗೋಡೆಯ ಕಡೆ ನೋಡಿದ. “ಹೌದಾ?”

“ಬೈದವರೆಲ್ಲ ಎಂತೆಂತದೋ ಬೈದ್ರು. ಅದು ತಾಗುವುದಿಲ್ಲ. ಇದು ಮಾತ್ರ... ನಿಜ ಅಲ್ವಾ? ನಾನು ನೆರಳಲ್ಲೇ ಇರುವುದು. ಹಾಗಾದ್ರೆ ನಾನು ಎಂತದೂ ಹೇಳ್ಬಾರದಾ?” ಅವಳು ನೆಲದ ಮೇಲಿನ ಸಿಮೆಂಟಿನ ಹುಡಿಯಲ್ಲಿ ಕಾಲಿನಿಂದ ಗೆರೆ ಎಳೆಯುತ್ತಿದ್ದಳು. “ಅಪ್ಪನ ಹತ್ರ ಕೇಳಿದೆ. ಅಪ್ಪನಿಗೂ ಉತ್ತರ ಸಿಕ್ಲಿಲ್ಲ. ಸುಕೇಶನ ಹತ್ರ ಕೇಳು, ಅವನ ತಲೆ ಇಂಥದ್ದಕ್ಕೆ ಚೆನ್ನಾಗಿ ಓಡ್ತದೆ ಅಂದ್ರು.”

ಉಪಾಧ್ಯರು ಹೇಳಲೆಂದು ಏಳು ವರ್ಷ ಕಾದ ಮಾತು ಅದು. ಅದೂ ಅವಳ ಬಾಯಿಂದಲೇ ಬರಬೇಕಾಯಿತು.

“ನೀವಾದ್ರೆ ಎಂತ ಹೇಳ್ತಿದ್ರಿ?”

ಉತ್ತರ ಅವನ ನಾಲಿಗೆಯ ಮೇಲೆಯೇ ಇತ್ತು. ಒಂದು ಉಸಿರಿನಷ್ಟು ದೂರ. ಕೊಟ್ಟರೆ ಅವಳು ಎದ್ದು ಒಳಗೆ ಹೋಗಿ ಫೋನ್ ತೆಗೆದುಕೊಳ್ಳುತ್ತಾಳೆ, ಹೇಳುತ್ತಾಳೆ, ತನ್ನ ಆ ಬಿಡುವಿನೊಂದಿಗೆ ಹೇಳುತ್ತಾಳೆ, ಮತ್ತೆ ಲಕ್ಷ ಜನ ಕೇಳುತ್ತಾರೆ.

“ಯೋಚಿಸಿ ಹೇಳ್ತೇನೆ,” ಎಂದ.

ಕಾರ್ಕಳದ ಸಭಾಂಗಣ ಮಧ್ಯಾಹ್ನ ಊಟದ ಹೊತ್ತಿಗೇ ತುಂಬಿತ್ತು. ವೇದಿಕೆಯ ನಡುವೆ ಭಾಗವತರು, ಮದ್ದಳೆಯವರು. ಬಲಕ್ಕೆ ಉಪಾಧ್ಯರು, ಎಡಕ್ಕೆ ಸುಕೇಶ. ಹೊಸ ಶಾಲು ಹೆಗಲಿನಿಂದ ಜಾರುತ್ತಿತ್ತು. ಮೂರನೆಯ ಸಾಲಿನಲ್ಲಿ ಮೂಕಾಂಬಿಕಾರ ಪಕ್ಕದಲ್ಲಿ ಶರ್ವಾಣಿ ಕುಳಿತಿದ್ದುದನ್ನು ಅವನು ನೋಡಿದ. ಅವಳು ಬರುತ್ತಾಳೆಂದು ಯಾರೂ ಹೇಳಿರಲಿಲ್ಲ.

ಪ್ರಸಂಗ ಚೆನ್ನಾಗಿ ಏರಿತು. ದೂತ ಬಂದಿರುವುದು ಕಾಡಿಗೆ ಅಟ್ಟಲ್ಪಟ್ಟವರಿಗೆ ಊರಿನಲ್ಲಿ ಜಾಗ ಕೇಳಲು. ಅರಸ ಕೊಡುವುದಿಲ್ಲ. ಉಪಾಧ್ಯರ ಅರಸ ಸಿಟ್ಟಾಗಲಿಲ್ಲ, ನಗುತ್ತ ನಿರಾಕರಿಸುತ್ತಿದ್ದ. ಸುಕೇಶ ಅವರ ಮಾತಿಗೆ ಮಾತು ಕೊಟ್ಟ. ಎರಡು ಸಲ ಚಪ್ಪಾಳೆಯೂ ಬಿತ್ತು. ಆಗ ಉಪಾಧ್ಯರು ಶಾಲನ್ನು ಸರಿಮಾಡಿಕೊಂಡು ಅವನ ಕಡೆ ತಿರುಗಿದರು.

“ಅಯ್ಯಾ ದೂತ, ಒಂದು ಸಂದೇಹ. ನೀನು ದೊಡ್ಡವರ ಹೆಸರಿನ ನೆರಳಿನಲ್ಲಿ ನಿಂತವನು. ಬಿಸಿಲಿನಲ್ಲಿ ನಿಂತವರ ಪರವಾಗಿ ಮಾತಾಡುವ ಅಧಿಕಾರವನ್ನು ನಿನಗೆ ಕೊಟ್ಟವರು ಯಾರು?”

ಸಭೆಯಲ್ಲಿ ಒಂದು ಗುಜುಗುಜು ಎದ್ದಿತು. ಎಲ್ಲರಿಗೂ ಆ ಸಾಲು ಗೊತ್ತಿತ್ತು. ಕೆಲವರು ಕತ್ತು ತಿರುಗಿಸಿ ಮೂರನೆಯ ಸಾಲನ್ನು ನೋಡಿದರು. ಶರ್ವಾಣಿ ತಲೆ ತಗ್ಗಿಸಲಿಲ್ಲ, ವೇದಿಕೆಯನ್ನೇ ನೋಡುತ್ತಿದ್ದಳು. ಅವಳು ನೋಡುತ್ತಿದ್ದುದು ಅಪ್ಪನನ್ನಲ್ಲ, ತನ್ನನ್ನು ಎಂದು ಸುಕೇಶನಿಗೆ ಕಂಡಿತು. ಇಷ್ಟು ಜನರ ಮುಂದೆ, ಅವಳ ಮುಂದೆ, ತಾನೇ ಕಟ್ಟಿದ ಪ್ರಶ್ನೆ.

“ಅರಸ,” ಎಂದ ಅವನು, “ನೆರಳಿನಲ್ಲಿ ನಿಂತಿದ್ದೇನೆ, ಒಪ್ಪಿದೆ. ಆದರೆ ಬಿಸಿಲಿನಲ್ಲಿ ನಿಂತವನ ಕಣ್ಣು ಕುಕ್ಕುತ್ತದೆ, ಅವನಿಗೆ ತನ್ನ ಕಾಲ ಬುಡದ ಆಚೆ ಕಾಣುವುದಿಲ್ಲ. ಯಾರು ಯಾರು ಬಿಸಿಲಿನಲ್ಲಿ ನಿಂತಿದ್ದಾರೆ, ಎಷ್ಟು ಹೊತ್ತಿನಿಂದ ನಿಂತಿದ್ದಾರೆ ಎಂದು ಸ್ಪಷ್ಟವಾಗಿ ಕಾಣುವುದು ನೆರಳಿನಲ್ಲಿದ್ದವನಿಗೆ. ಅಧಿಕಾರವನ್ನು ಯಾರೂ ಕೊಟ್ಟದ್ದಲ್ಲ, ಕಂಡದ್ದೇ ಅಧಿಕಾರ. ಕಂಡೂ ಸುಮ್ಮನಿದ್ದರೆ ಆ ನೆರಳೇ ನನ್ನ ಅಪರಾಧವಾಗುತ್ತದೆ.”

ಚಪ್ಪಾಳೆ ನಿಲ್ಲಲು ತುಂಬ ಹೊತ್ತು ಹಿಡಿಯಿತು. ಹಿಂದಿನ ಸಾಲಿನವರು ಎದ್ದು ನಿಂತಿದ್ದರು. ಚಪ್ಪಾಳೆ ಮುಗಿದ ಮೇಲೆ ಅರಸನ ಸರದಿ. ಉಪಾಧ್ಯರು ಮಾತಾಡಲಿಲ್ಲ. ಮದ್ದಳೆಯವರು ತಲೆಯೆತ್ತಿ ನೋಡಿದರು. ಭಾಗವತರು ತಾಳವನ್ನು ಕೈಗೆತ್ತಿಕೊಂಡು ಮತ್ತೆ ಇಟ್ಟರು. ಮೊದಲು ಉಪಾಧ್ಯರ ಮುಖದಲ್ಲಿ ಸಂತೋಷವಿತ್ತು, ಸುಕೇಶ ಅದನ್ನು ಖಂಡಿತವಾಗಿ ನೋಡಿದ. ಆಮೇಲೆ ಅವರು ಅವನನ್ನೇ ನೋಡುತ್ತಿದ್ದಂತೆ ಅದು ನಿಧಾನವಾಗಿ ಇಂಗಿತು.

“ಇದಕ್ಕೆ ನನ್ನಲ್ಲಿ ಉತ್ತರವಿಲ್ಲ,” ಎಂದು ಅವರು ಭಾಗವತರಿಗೆ ಮುಂದಿನ ಪದಕ್ಕೆ ಸನ್ನೆ ಮಾಡಿದರು. ಉಪಾಧ್ಯರ ಬಾಯಲ್ಲಿ ಅಂಥ ಮಾತನ್ನು ಆ ಸಭೆ ಎಂದೂ ಕೇಳಿರಲಿಲ್ಲ.

ಕೂಟ ಮುಗಿದ ಮೇಲೆ ವೇದಿಕೆಯ ಹಿಂದಿನ ಕೋಣೆಯಲ್ಲಿ ಗೋಳಿಬಜೆ, ಚಹಾ. ಎದುರುಬದುರು ವಾದಿಸಿದವರು ಆಮೇಲೆ ಒಂದೇ ಬೆಂಚಿನಲ್ಲಿ ಕುಳಿತು ತಿನ್ನುವುದು ಅಲ್ಲಿನ ಕ್ರಮ. ಉಪಾಧ್ಯರು ಪಕ್ಕದ ಜಾಗ ತೋರಿಸಿದರು. ಸುಕೇಶ ಕುಳಿತ. ಬಂದವರೆಲ್ಲ ಅವನ ಕೈ ಕುಲುಕಿ ಹೋದರು.

“ಎಲ್ಲಿ ಹೊಳೆಯಿತು ಅದು?” ಜನ ಕಡಿಮೆಯಾದ ಮೇಲೆ ಉಪಾಧ್ಯರು ಕೇಳಿದರು.

“ಅಲ್ಲೇ ಸರ್. ನೀವು ಕೇಳಿದಾಗ.”

ಅವರು ಒಂದು ಗೋಳಿಬಜೆ ಮುರಿದು ಹಬೆ ಹೋಗಲು ಬಿಟ್ಟರು. “ಶರ್ವಾಣಿಗೆ ಬೇಕಿತ್ತು ಅಂತ ಕೇಳಿದೆ. ಎಷ್ಟು ದಿನ ಯೋಚಿಸಿದರೂ ನನಗೆ ಸಿಕ್ಕಿರಲಿಲ್ಲ. ಸಭೆಯ ಬಿಸಿಗೆ ನಿನಗಾದರೂ ಏನಾದರೂ ಹುಟ್ಟೀತು, ಅವಳು ಕೇಳಿಸಿಕೊಳ್ಳಲಿ ಅಂತ. ನೀನು ಸ್ವಲ್ಪ ತಡವರಿಸ್ತೀಯ ಅಂದುಕೊಂಡಿದ್ದೆ.” ಮುರಿದ ತುಂಡನ್ನು ತಟ್ಟೆಗಿಟ್ಟು ಹೇಳಿದರು, “ನೀನು ಉಸಿರು ಕೂಡ ಎಳೆದುಕೊಳ್ಳಲಿಲ್ಲ. ಪ್ರಶ್ನೆ ಕಟ್ಟುವಾಗಲೇ ಉತ್ತರ ಇಟ್ಟುಕೊಂಡವನಿಗೆ ಮಾತ್ರ ಹಾಗೆ ಬರ್ತದೆ.”

ಸುಕೇಶ ತಟ್ಟೆಯನ್ನು ನೋಡಿದ. ಅಲ್ಲ ಎಂದು ಹೇಳಬಹುದಿತ್ತು. ಅವರ ಎದುರು ಸುಳ್ಳಿನ ಪಕ್ಷ ಹಿಡಿದು ಗೆಲ್ಲುವಷ್ಟು ಅವನು ಕಲಿತಿದ್ದ. ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

“ಕಾರ್ಕಳದವರು ಮುಂದಿನ ಕೂಟಕ್ಕೂ ನಿನ್ನನ್ನು ಕೇಳ್ತಾ ಇದ್ದಾರೆ. ನಿನ್ನ ನಂಬರ್ ಕೊಟ್ಟಿದ್ದೇನೆ. ಇನ್ನು ನನ್ನ ಮೂಲಕ ಬೇಡ.” ಉಪಾಧ್ಯರ ಧ್ವನಿ ಎಂದಿನಂತೆಯೇ ಇತ್ತು. “ಕಾರಿನ ಕೀ ಮೂಕಾಂಬಿಕಾಳಿಗೆ ಕೊಡು. ಅವಳೇ ಓಡಿಸ್ತಾಳೆ.”

ಅವರು ಕೈತೊಳೆಯಲು ಎದ್ದು ಹೋದರು. ಆ ಜಾಗಕ್ಕೆ ಶರ್ವಾಣಿ ಬಂದು ಕುಳಿತಳು, ಅಮ್ಮನ ಫ್ಲಾಸ್ಕನ್ನು ಮಡಿಲಲ್ಲಿಟ್ಟುಕೊಂಡು. ಎಷ್ಟೋ ದಿನಗಳ ಮೇಲೆ ಅವಳ ಮುಖ ತಿಳಿಯಾಗಿತ್ತು.

“ಯೋಚಿಸಿ ಹೇಳ್ತೇನೆ ಅಂತ ಹೇಳಿ ಇಡೀ ಕಾರ್ಕಳದ ಮುಂದೆ ಹೇಳಿದ್ರಲ್ಲ. ಆ ಮಾತು ನಾನು ವಿಡಿಯೋದಲ್ಲಿ ಹಾಕಲಾ ಸುಕೇಶಣ್ಣ? ನಿಮ್ಮ ಹೆಸರು ಹೇಳ್ತೇನೆ.”

ಅಪ್ಪ ಅವಳಿಗೆ ಏನೂ ಹೇಳಿರಲಿಲ್ಲ. ಹೇಳುವುದೂ ಇಲ್ಲ. ಅವನು ಹೂಂ ಎಂದರೆ ಸಾಕಿತ್ತು. ಅವನ ಹೆಸರು ಅವಳ ಬಾಯಲ್ಲಿ, ಲಕ್ಷ ಜನರ ಮುಂದೆ.

“ಪ್ರಶ್ನೆಯೂ ನನ್ನದೇ,” ಎಂದ.

ಅವಳ ನಗು ಇನ್ನೂ ಸ್ವಲ್ಪ ಹೊತ್ತು ಇತ್ತು. ಅರ್ಥವಾದ ಮೇಲೆ ಹೋಯಿತು. ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡಿದಳು, ಅದು ಮೊದಲೇ ಬಿಗಿಯಾಗಿತ್ತು.

“ಹಾಗಾದ್ರೆ ಎರಡಕ್ಕೂ ಹೆಸರು ಹೇಳ್ಬೇಕಾ?” ಎಂದು ಎದ್ದುಹೋದಳು.

ನೋವಿನ ನಡುವೆಯೂ ಅವನು ಆ ಮಾತನ್ನು ತೂಗಿ ನೋಡಿದ. ತನಗಾದರೆ ಆ ಗಳಿಗೆಯಲ್ಲಿ ಅಷ್ಟು ಚಿಕ್ಕದಾಗಿ ಹೇಳಲು ಬರುತ್ತಿರಲಿಲ್ಲ.

ಅವನು ಪಡುಬಿದ್ರಿಯ ಬಸ್ಸು ಹತ್ತಿದ. ಬೆಳ್ಮಣ್ ದಾಟುವಾಗ ಅವಳ ಹೊಸ ವಿಡಿಯೋ ಬಂತು. ಕಾರಿನ ಹಿಂದಿನ ಸೀಟಿನಲ್ಲೇ ಕುಳಿತು ಮಾತಾಡಿದ್ದಳು. ಯಾರ ಹೆಸರನ್ನೂ ಹೇಳಿರಲಿಲ್ಲ. ನೆರಳಿನಲ್ಲಿದ್ದವರಿಗೇ ಕಾಣುವುದು ಎಂಬಲ್ಲಿಯವರೆಗೆ ಅವನದೇ ಮಾತು. ಕೊನೆಯಲ್ಲಿ ಅವನ ‘ಅಪರಾಧ’ ಇರಲಿಲ್ಲ. ಅವಳು ನಿಲ್ಲಿಸಿ, ಕಿಟಕಿಯಾಚೆ ಒಮ್ಮೆ ನೋಡಿ, “ಕಂಡು ಹೋಯ್ತು. ಇನ್ನು ಹೇಗೆ ಸುಮ್ಮನಿರಲಿ ಹೇಳಿ?” ಎಂದಿದ್ದಳು. ಅಷ್ಟೇ. ಅವನ ವಾಕ್ಯಕ್ಕಿಂತ ಅದು ಸರಿಯಾಗಿತ್ತು. ಅವನ ವಾಕ್ಯದಲ್ಲಿ ಶಾಲು ಹೊದ್ದವನ ಠೀವಿ ಇತ್ತು, ಇದರಲ್ಲಿ ಒಬ್ಬಳು ಹುಡುಗಿ ಇದ್ದಳು.

ಪರದೆಯ ಮೇಲೆ ಪ್ರತೀಕನ ಕರೆ ಬಂತು.

“ಸುಕೇಶ್ ಸರ್, ನಮ್ಮವರೆಲ್ಲ ತುಂಬ ಖುಷಿಯಲ್ಲಿದ್ದಾರೆ ಮಾರಾಯ್ರೆ. ಮುಂದಿನ ಕೂಟಕ್ಕೆ ನೀವೇ ಅರಸ. ನಿಮ್ಮ ಎದುರು ಯಾರನ್ನು ಹಾಕುವ, ಹೇಳಿ.”

ಅವನು ಫೋನನ್ನು ಇನ್ನೊಂದು ಕಿವಿಗೆ ಹಿಡಿದ.

“ಹಲೋ? ಕೇಳ್ತದಾ?”

“ಶರ್ವಾಣಿಯನ್ನು ಕೇಳಿ.”

“ಅಯ್ಯೋ, ಅವಳು ಬೇಡ, ಗಲಾಟೆ ಆಗ್ತದೆ. ಮತ್ತೆ ಅವಳು ಬರ್ತಾಳಾ?”

“ಬರಲಿಕ್ಕಿಲ್ಲ. ಆದ್ರೂ ಕೇಳಿ. ಎದುರಿಗೆ ನಾನು ಅಂತ ಹೇಳಿಯೇ ಕೇಳಿ. ಅವಳಾದ್ರೆ ಮಾತ್ರ ನಾನು ಬರ್ತೇನೆ.”

ಪ್ರತೀಕ್ ಏನೋ ಹೇಳುತ್ತಿದ್ದ, ಬಸ್ಸಿನ ಸದ್ದಿನಲ್ಲಿ ಕೇಳಿಸಲಿಲ್ಲ. ಅವಳು ಒಪ್ಪಿದರೆ ತಾನು ಸೋಲುವುದು ಖಂಡಿತ ಎಂದು ಸುಕೇಶನಿಗೆ ತಿಳಿದಿತ್ತು. ಅವಳು ಬೇರೆ ಯಾರ ಎದುರೋ ಕುಳಿತು ಹೀಗೆ ಮಾತಾಡುವುದನ್ನು ಸಭೆಯಲ್ಲಿ ಕುಳಿತು ನೋಡುವುದು ಮಾತ್ರ ಅವನಿಂದ ಆಗುವ ಕೆಲಸವಾಗಿರಲಿಲ್ಲ.